ವೈರ್ ಇದ್ದೂ ನಿಧಾನ: ಕಂಪ್ಯೂಟರ್ ಮತ್ತು ಸ್ವಿಚ್ ನಡುವಿನ ದೋಷವನ್ನು ಕ್ರಮವಾಗಿ ಹುಡುಕುವ ಬಗೆ

ಕಾರವಾರದಿಂದ ಭಟ್ಕಳದವರೆಗಿನ ಕಚೇರಿಗಳಲ್ಲಿ, ಶಿರಸಿಯ ಅಡಿಕೆ ವಖಾರಿಗಳಲ್ಲಿ, ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ನನಗೆ ಪದೇ ಪದೇ ಎದುರಾಗುವ ತೊಂದರೆ ಒಂದೇ. ಒಂದು ಸಿಸ್ಟಮ್‌ನಿಂದ ಪಕ್ಕದ ಸಿಸ್ಟಮ್‌ಗೆ ಫೈಲ್ ಹೋಗಲು ಹತ್ತು ನಿಮಿಷ ಹಿಡಿಯುತ್ತದೆ, ಬಿಲ್ಲಿಂಗ್ ಪರದೆ ಅರ್ಧಕ್ಕೆ ನಿಂತುಬಿಡುತ್ತದೆ. ಹೊಸ ಸ್ವಿಚ್ (ಎಲ್ಲ ಕಂಪ್ಯೂಟರ್‌ಗಳ ವೈರ್ ಬಂದು ಸೇರುವ ಪೆಟ್ಟಿಗೆ) ತರಿಸುತ್ತಾರೆ, ಎರಡು ದಿನ ಸರಿಹೋದಂತೆ ಕಾಣುತ್ತದೆ, ಮೂರನೆಯ ದಿನ ಮತ್ತದೇ ಪಾಡು. ಕೆಟ್ಟಿರುವುದು ಯಾವುದೆಂದು ಅಳೆದು ನೋಡುವ ಮೊದಲೇ ಬದಲಾಯಿಸಲು ಹೊರಡುವುದರಿಂದ ಹೀಗಾಗುತ್ತದೆ. ನಾನು ನೋಡಿದ ಇಂಥ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ವೈರಿನ ತುದಿಯ ಎರಡು ಇಂಚಿನಲ್ಲೇ ಮುಗಿದಿವೆ.

ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ ಮೇಲೆ ಮತ್ತೆ ಅಳೆದು, ಸಿಕ್ಕ ಅಂಕಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ವೈರ್, ಪೋರ್ಟ್ (ವೈರ್ ಚುಚ್ಚುವ ಕಿಂಡಿ), ಡ್ರೈವರ್ (ಆ ಪೋರ್ಟನ್ನು ನಡೆಸುವ ತಂತ್ರಾಂಶ) ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಮರಳಿ ಬಂದಾಗ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

ಎಲ್ಲಕ್ಕಿಂತ ಮುಖ್ಯವಾದದ್ದು ಸರಿಯಿದೆ ಎಂದು ಖಚಿತವಾಗಿ ಗೊತ್ತಿರುವ, ಕಾರ್ಖಾನೆಯಲ್ಲೇ ತುದಿ ಕಟ್ಟಿದ, ಎರಡು ಮೀಟರಿನ ಒಂದು ಕ್ಯಾಟ್-5ಇ ಅಥವಾ ಕ್ಯಾಟ್-6 ದರ್ಜೆಯ ಪ್ಯಾಚ್ ಕಾರ್ಡ್, ಅಂದರೆ ಎರಡೂ ತುದಿಗೆ ಪ್ಲಗ್ ಇರುವ ಚಿಕ್ಕ ಲ್ಯಾನ್ (ಕಟ್ಟಡದೊಳಗಿನ ನೆಟ್‌ವರ್ಕ್) ವೈರ್. ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸದೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಪಾಸಣೆಗೆಂದೇ ಎತ್ತಿಡಿ. ಇದರ ಜೊತೆಗೆ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಪೋರ್ಟ್ ಇರುವ ಒಂದು ಲ್ಯಾಪ್‌ಟಾಪ್, ಎಂಟು ದೀಪಗಳ ಲ್ಯಾನ್ ಟೆಸ್ಟರ್, ತುದಿಗೆ ಪ್ಲಗ್ ಒತ್ತಿ ಕಟ್ಟುವ ಕ್ರಿಂಪಿಂಗ್ ಟೂಲ್, ವೈರಿನ ತುದಿಗೆ ಹಾಕುವ ಹೊಸ ಆರ್‌ಜೆ-45 ಪ್ಲಗ್‌ಗಳು, ಟಾರ್ಚ್, ಮಲ್ಟಿಮೀಟರ್ ಮತ್ತು ಪಿನ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಗೋಡೆಯ ಸಾಕೆಟ್‌ಗಳಿದ್ದರೆ ಅವುಗಳೊಳಗೆ ತಂತಿಗಳನ್ನು ಒತ್ತಿ ಕೂರಿಸುವ ಪಂಚಿಂಗ್ ಟೂಲ್ ಕೂಡ ಇರಲಿ. ಸುಮಾರು 2 ಜಿಬಿ ಗಾತ್ರದ ಒಂದೇ ಒಂದು ಫೈಲನ್ನು ಅಳತೆಗಾಗಿ ಸಿದ್ಧವಾಗಿಟ್ಟುಕೊಳ್ಳಿ.

ಹಂತ 1: ದೂರು ವೈರಿನದ್ದೇ ಎಂದು ಖಚಿತಪಡಿಸಿಕೊಳ್ಳಿ

ಇಂಟರ್ನೆಟ್ ನಿಧಾನವಾಗಿರುವುದು ಬೇರೆ, ಒಳಗಿನ ನೆಟ್‌ವರ್ಕ್ ನಿಧಾನವಾಗಿರುವುದು ಬೇರೆ. ನೀವು ಪಡೆದ ಬ್ರಾಡ್‌ಬ್ಯಾಂಡ್ ಯೋಜನೆ ಸೆಕೆಂಡಿಗೆ 40 ಮೆಗಾಬಿಟ್‌ನದ್ದಾದರೆ ಒಳಗೆ ಎಂಥ ಸ್ವಿಚ್ ಹಾಕಿದರೂ ವೆಬ್‌ಸೈಟ್‌ಗಳು ಅದಕ್ಕಿಂತ ವೇಗವಾಗಿ ತೆರೆಯುವುದಿಲ್ಲ. ಒಂದೇ ಸ್ವಿಚ್‌ಗೆ ಸೇರಿದ ಎರಡು ಸಿಸ್ಟಮ್‌ಗಳ ನಡುವೆ ಫೈಲ್ ನಕಲು ಮಾಡಿ ನೋಡಿ. ಅದು ಚುರುಕಾಗಿದ್ದರೆ ಈ ಮಾರ್ಗದರ್ಶಿ ನಿಮ್ಮ ತೊಂದರೆಗೆ ಸಂಬಂಧಿಸಿದ್ದಲ್ಲ.

ಅಳೆಯುವ ಮೊದಲು ಎರಡೂ ಕಡೆ ವೈಫೈ ಆರಿಸಲೇಬೇಕು. ಲ್ಯಾಪ್‌ಟಾಪ್‌ಗೆ ವೈರ್ ಚುಚ್ಚಿದ್ದರೂ ಫೈಲ್ ವೈಫೈ ಮೂಲಕವೇ ಹೋಗುತ್ತಿರಬಹುದು. ಇಷ್ಟನ್ನು ಗಮನಿಸದೆ ಅರ್ಧ ದಿನ ಒಳ್ಳೆಯ ವೈರನ್ನು ಪರೀಕ್ಷಿಸಿದವರನ್ನು ನಾನು ಕಂಡಿದ್ದೇನೆ.

ಹಂತ 2: ಲಿಂಕ್ ಎಷ್ಟು ವೇಗಕ್ಕೆ ಒಪ್ಪಿಕೊಂಡಿದೆ ಎಂದು ಓದಿ

ಕಂಪ್ಯೂಟರ್ ಮತ್ತು ಸ್ವಿಚ್ ಜೋಡಣೆಯಾದ ಕೂಡಲೇ ಪರಸ್ಪರ ಮಾತಾಡಿಕೊಂಡು 10, 100 ಅಥವಾ 1000 ಮೆಗಾಬಿಟ್ ವೇಗದಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ. ಈ ಜೋಡಣೆಯನ್ನೇ ಲಿಂಕ್ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ ಈಥರ್ನೆಟ್‌ಗೆ ಹೋದರೆ ಲಿಂಕ್ ಸ್ಪೀಡ್ ಎಂಬ ಸಾಲು ಕಾಣುತ್ತದೆ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಆದೇಶಕ್ಕೆ ಪೋರ್ಟಿನ ಹೆಸರು ಕೊಟ್ಟರೆ ಸ್ಪೀಡ್ ಮತ್ತು ಡುಪ್ಲೆಕ್ಸ್ (ಎರಡೂ ಕಡೆ ಒಟ್ಟಿಗೆ ಮಾತಾಡಬಹುದೇ, ಸರದಿಯಲ್ಲೇ ಮಾತಾಡಬೇಕೇ ಎಂಬುದು) ಎರಡೂ ಸಿಗುತ್ತವೆ. ಸ್ವಿಚ್‌ನ ದೀಪದ ಬಣ್ಣವನ್ನು ಮಾತ್ರ ನಂಬಬೇಡಿ. ಯಾವ ಬಣ್ಣ ಯಾವ ವೇಗಕ್ಕೆಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ಎರಡೂ ತುದಿಯ ಸಾಧನಗಳು ಗಿಗಾಬಿಟ್‌ನವಾಗಿದ್ದು ಲಿಂಕ್ 100 ಎಂದು ತೋರಿಸುತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ವೈರಿನೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. 100 ಮೆಗಾಬಿಟ್‌ಗೆ 1, 2, 3, 6ನೇ ಪಿನ್‌ಗಳ ಎರಡು ಜೋಡಿ ಸಾಕು. 1000 ಮೆಗಾಬಿಟ್‌ಗೆ ನಾಲ್ಕೂ ಜೋಡಿ ಬೇಕೇ ಬೇಕು. ಹೀಗಾಗಿ 4, 5, 7, 8ನೇ ಪಿನ್‌ಗಳಲ್ಲಿ ಒಂದು ಕೈಕೊಟ್ಟರೂ ಲಿಂಕ್ ಹೆಚ್ಚಾಗಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಇಂಟರ್ನೆಟ್ ಬರುತ್ತಲೇ ಇರುತ್ತದೆ, ಆದ್ದರಿಂದ ವೈರ್ ಕೆಟ್ಟಿದೆಯೆಂದು ಯಾರಿಗೂ ಅನುಮಾನ ಬರುವುದಿಲ್ಲ. ಸ್ವಿಚ್ಚೇ 100ರದ್ದಾಗಿದ್ದರೆ ಮಾತ್ರ ಅದು ದೋಷವಲ್ಲ. ತಳದ ಲೇಬಲ್ ಓದಿ ನೋಡಿ.

ಆಫ್ ಮಾಡಿಟ್ಟ ಕೆಲವು ಕಂಪ್ಯೂಟರ್‌ಗಳು ದೂರದಿಂದ ಎಬ್ಬಿಸುವ ಸೌಲಭ್ಯಕ್ಕಾಗಿ 10 ಮೆಗಾಬಿಟ್‌ನಲ್ಲಿ ಲಿಂಕ್ ಉಳಿಸಿಕೊಳ್ಳುತ್ತವೆ. ಸ್ವಿಚ್‌ನ ಕಡೆಯಿಂದ ವೇಗ ನೋಡುವಾಗ ಸಿಸ್ಟಮ್ ಚಾಲೂ ಇರಬೇಕು.

ಹಂತ 3: ಅಂಕಿಯಲ್ಲಿ ಅಳೆಯಿರಿ

ಲಿಂಕ್ ವೇಗವನ್ನು ಬಿಟ್‌ನಲ್ಲಿಯೂ ಫೈಲ್ ನಕಲಿನ ವೇಗವನ್ನು ಬೈಟ್‌ನಲ್ಲಿಯೂ ಹೇಳುತ್ತಾರೆ. ಒಂದು ಬೈಟ್‌ಗೆ 8 ಬಿಟ್. 1000 ಮೆಗಾಬಿಟ್ ಲಿಂಕಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗಬೇಕು, ಅಂದರೆ 2 ಜಿಬಿ ಫೈಲ್ 20 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. 100ರ ಲಿಂಕಿನಲ್ಲಿ ಸುಮಾರು 11 ಎಂಬಿ, ಅದೇ ಫೈಲಿಗೆ ಮೂರು ನಿಮಿಷ. 10ರ ಲಿಂಕಿನಲ್ಲಿ ಸೆಕೆಂಡಿಗೆ ಒಂದು ಎಂಬಿಯಷ್ಟೆ, ಅರ್ಧ ಗಂಟೆ ಕಾಯಬೇಕು.

ಈ ಮೂರು ಅಂಕಿಗಳು ನೆನಪಿದ್ದರೆ ದೋಷದ ದಿಕ್ಕು ಅಲ್ಲೇ ಸಿಗುತ್ತದೆ. 11ರ ಹತ್ತಿರ ಸ್ಥಿರವಾಗಿ ನಿಂತರೆ ದಾರಿಯಲ್ಲೆಲ್ಲೋ 100ರ ತಡೆಯಿದೆ. 30ರಿಂದ 60ರ ನಡುವೆ ಸ್ಥಿರವಾಗಿದ್ದರೆ ವೈರನ್ನು ಬಿಟ್ಟು ಹಳೆಯ ಹಾರ್ಡ್‌ಡಿಸ್ಕ್ ಅಥವಾ ಯುಎಸ್‌ಬಿ 2.0ರ ಲ್ಯಾನ್ ಅಡಾಪ್ಟರ್ ಕಡೆ ನೋಡಿ. ಅಂಕಿ 20ಕ್ಕೆ ಏರಿ, 2ಕ್ಕೆ ಬಿದ್ದು, ಕ್ಷಣ ನಿಂತು ಮತ್ತೆ ಏರುತ್ತಿದ್ದರೆ ಮಾಹಿತಿಯ ತುಣುಕುಗಳು ದಾರಿಯಲ್ಲಿ ಹಾಳಾಗಿ ಮತ್ತೆ ಮತ್ತೆ ಕಳುಹಿಸಲ್ಪಡುತ್ತಿವೆ ಎಂದು ಅನುಮಾನಿಸಬೇಕು. ಸಾವಿರಾರು ಫೋಟೊಗಳ ಫೋಲ್ಡರಿನಿಂದ ಎಂದೂ ಅಳೆಯಬಾರದು. ಸಣ್ಣ ಫೈಲ್‌ಗಳು ಒಳ್ಳೆಯ ನೆಟ್‌ವರ್ಕಿನಲ್ಲಿಯೂ ನಿಧಾನವಾಗಿಯೇ ಹೋಗುತ್ತವೆ.

ಡಿಸ್ಕಿನ ಅನುಮಾನವನ್ನು ಪೂರ್ತಿ ಕಳೆಯಬೇಕಾದರೆ ಡಿಸ್ಕನ್ನು ಮುಟ್ಟದೆ ನೆಟ್‌ವರ್ಕಿನ ವೇಗ ಅಳೆಯುವ, ಉಚಿತವಾಗಿ ಸಿಗುವ ಐಪರ್ಫ್-3 ತಂತ್ರಾಂಶ ಬಳಸಿ. ಒಂದು ಸಿಸ್ಟಮ್‌ನಲ್ಲಿ ಸರ್ವರ್ ಆಗಿ, ಇನ್ನೊಂದರಲ್ಲಿ ಕ್ಲೈಂಟ್ ಆಗಿ ಓಡಿಸಿ; ಫೈರ್‌ವಾಲ್ 5201ನೇ ಪೋರ್ಟನ್ನು (ಇದು ವೈರ್ ಚುಚ್ಚುವ ಪೋರ್ಟಲ್ಲ, ಐಪರ್ಫ್ ಬಳಸುವ ಸಂಖ್ಯೆ) ತಡೆಯದಂತೆ ನೋಡಿಕೊಳ್ಳಿ. ಗಿಗಾಬಿಟ್ ಲಿಂಕಿನಲ್ಲಿ ಸುಮಾರು 940, 100ರ ಲಿಂಕಿನಲ್ಲಿ ಸುಮಾರು 94 ಮೆಗಾಬಿಟ್ ಬರಬೇಕು. ದಿಕ್ಕು ತಿರುಗಿಸಿ ಇನ್ನೊಮ್ಮೆ ಅಳೆಯುವುದನ್ನು ಮರೆಯಬೇಡಿ. ಹೋಗುವಾಗ ವೇಗ, ಬರುವಾಗ ನಿಧಾನ ಎಂಬ ದೋಷವೂ ಇರುತ್ತದೆ.

ಕೊನೆಗೆ 1400 ಬೈಟ್ ಗಾತ್ರದ ಪಿಂಗ್ ಅನ್ನು (ಇನ್ನೊಂದು ಸಿಸ್ಟಮ್‌ನಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಸಂದೇಶ) 500 ಸಲ ಕಳುಹಿಸಿ. ವೈರಿನ ನೆಟ್‌ವರ್ಕಿನಲ್ಲಿ ಒಂದೂ ಕಳೆದುಹೋಗಬಾರದು, ಸಮಯ 1 ಮಿಲಿಸೆಕೆಂಡಿನ ಒಳಗೆ ಅಥವಾ ಅದರ ಆಸುಪಾಸಿನಲ್ಲಿ ಇರಬೇಕು. ನೂರಕ್ಕೆ ಒಂದು ಕಳೆದುಹೋದರೆ ದೊಡ್ಡ ವಿಷಯವೇ ಎಂದು ಕೇಳುವವರಿದ್ದಾರೆ. ದೊಡ್ಡ ವಿಷಯವೇ: ಪ್ರತಿ ನಷ್ಟಕ್ಕೂ ಕಳುಹಿಸುವ ಕಂಪ್ಯೂಟರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಹಂತ 4: ದಾರಿಯನ್ನು ತುಂಡು ಮಾಡಿ

ಲ್ಯಾಪ್‌ಟಾಪನ್ನು ಸ್ವಿಚ್ ಇರುವ ಜಾಗಕ್ಕೇ ಒಯ್ದು, ಎತ್ತಿಟ್ಟ ಪ್ಯಾಚ್ ಕಾರ್ಡಿನಿಂದ ಅದೇ ಪೋರ್ಟಿಗೆ ಜೋಡಿಸಿ ಅಳೆಯಿರಿ. ವೇಗ ಪೂರ್ತಿ ಬಂದರೆ ಆ ಪೋರ್ಟ್ ಚೆನ್ನಾಗಿದೆ, ದೋಷ ವೈರಿನಲ್ಲಿದೆ ಅಥವಾ ಮೇಜಿನ ಮೇಲಿನ ಸಿಸ್ಟಮ್‌ನಲ್ಲಿದೆ. ಈಗ ಅದೇ ಲ್ಯಾಪ್‌ಟಾಪನ್ನು ಮೇಜಿನ ಬಳಿ ತಂದು ಅಲ್ಲಿನ ವೈರಿಗೆ ಚುಚ್ಚಿ. ಇಲ್ಲಿ ವೇಗ ಬಿದ್ದರೆ ವೈರೇ ಅಪರಾಧಿ. ಬೀಳದಿದ್ದರೆ ಸಿಸ್ಟಮ್ ಕಡೆ ಗಮನ ಕೊಡಿ.

ಸ್ವಿಚ್ ಬಳಿಯೇ ವೇಗ ಬರದಿದ್ದರೆ ಎರಡು ಸಿಸ್ಟಮ್‌ಗಳನ್ನು ಸ್ವಿಚ್ ಇಲ್ಲದೆ ಒಂದೇ ವೈರಿನಿಂದ ನೇರವಾಗಿ ಜೋಡಿಸಿ, ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2 ಎಂಬ ಐಪಿ (ನೆಟ್‌ವರ್ಕ್) ವಿಳಾಸ ಕೊಟ್ಟು ಅಳೆಯಿರಿ. ಗಿಗಾಬಿಟ್ ಪೋರ್ಟ್‌ಗಳಿಗೆ ಇದಕ್ಕಾಗಿ ಕ್ರಾಸ್ ವೈರ್ (ಒಂದು ತುದಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಿ ಕಟ್ಟಿದ್ದು) ಬೇಕಾಗುವುದಿಲ್ಲ. ಹಳೆಯ ವಿಳಾಸಗಳನ್ನು ಬರೆದಿಟ್ಟುಕೊಂಡೇ ಬದಲಾಯಿಸಿ.

ಹಂತ 5: ವೈರಿನ ತುದಿಗಳನ್ನು ನೋಡಿ

ನಮ್ಮ ಕರಾವಳಿಯಲ್ಲಿ ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕು. ಕುಮಟಾದಲ್ಲಿ ಸಮುದ್ರಕ್ಕೆ ಹತ್ತಿರವಿದ್ದ ಒಂದು ಕಚೇರಿಯಲ್ಲಿ ಕಿಟಕಿಯ ಪಕ್ಕದ ಮೇಜಿನ ಸಿಸ್ಟಮ್ ಮಾತ್ರ ಸದಾ 100ರಲ್ಲಿ ನಿಲ್ಲುತ್ತಿತ್ತು. ಪ್ಲಗ್ ಕಿತ್ತು ಟಾರ್ಚ್ ಹಿಡಿದಾಗ ಎಂಟು ಪಿನ್‌ಗಳಲ್ಲಿ ನಾಲ್ಕನೆಯದು ಮತ್ತು ಐದನೆಯದರ ಮೇಲೆ ಸಾಸಿವೆಯ ಚೂರಿನಷ್ಟು ಹಸಿರು ಕಿಲುಬು ಕೂತಿತ್ತು. ಆಲ್ಕೊಹಾಲಿನಿಂದ ಒರೆಸಿದ ಕೂಡಲೇ ಲಿಂಕ್ 1000ಕ್ಕೆ ಏರಿತು. ನಾನೂ ಕೆಲಸ ಮುಗಿಯಿತೆಂದು ಎದ್ದೆ. ಎಂಟೇ ದಿನಕ್ಕೆ ಅದು ಮತ್ತೆ 100ಕ್ಕೆ ಇಳಿಯಿತು, ಏಕೆಂದರೆ ಕಿಲುಬು ಗೋಡೆಯ ಸಾಕೆಟ್‌ನೊಳಗಿನ ಎಳೆತಂತಿಗಳಲ್ಲೂ ಇತ್ತು. ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಾಯಿಸಿದ ಮೇಲೆಯೇ ಅದು ನಿಂತದ್ದು. ಉಪ್ಪುಗಾಳಿಗೆ ತೆರೆದ ಜಾಗದಲ್ಲಿ ಗಂಡು ತುದಿಯನ್ನು ನೋಡಿದಷ್ಟೇ ಎಚ್ಚರದಿಂದ ಹೆಣ್ಣು ತುದಿಯನ್ನೂ ನೋಡಬೇಕೆಂಬುದನ್ನು ಅಲ್ಲಿ ಕಲಿತೆ.

ಒರೆಸುವುದು ಪರೀಕ್ಷೆ ಮಾತ್ರ, ಪರಿಹಾರವಲ್ಲ. ಕಿಲುಬು ಕಂಡ ಪ್ಲಗ್ ಕತ್ತರಿಸಿ ಹೊಸದು ಕಟ್ಟಿ. ಹೊರ ಪದರವನ್ನು ಮೂರು ಸೆಂಟಿಮೀಟರಿನಷ್ಟು ತೆಗೆದು, ತಂತಿಗಳನ್ನು ಈ ಕ್ರಮದಲ್ಲಿ ಜೋಡಿಸಿ: ಕಿತ್ತಳೆ ಗೆರೆಯ ಬಿಳಿ, ಕಿತ್ತಳೆ, ಹಸಿರು ಗೆರೆಯ ಬಿಳಿ, ನೀಲಿ, ನೀಲಿ ಗೆರೆಯ ಬಿಳಿ, ಹಸಿರು, ಕಂದು ಗೆರೆಯ ಬಿಳಿ, ಕಂದು. ತುದಿಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಿ ಪ್ಲಗ್‌ನೊಳಗೆ ತಳ್ಳಿದಾಗ ಎಂಟೂ ತಾಮ್ರದ ತುದಿಗಳು ಎದುರಿನಿಂದ ಹೊಳೆಯುವುದು ಕಾಣಬೇಕು. ಹೊರ ಪದರ ಪ್ಲಗ್‌ನ ಹಿಡಿಕೆಯ ಒಳಗೆ ಸಿಕ್ಕಿಕೊಂಡಿರಬೇಕು. ಬಣ್ಣದ ತಂತಿಗಳು ಹೊರಗೆ ಇಣುಕುತ್ತಿದ್ದರೆ ಆ ತುದಿ ಹೆಚ್ಚು ದಿನ ಬಾಳುವುದಿಲ್ಲ. ತುದಿ ಕತ್ತರಿಸಿದ ಮೇಲೆ ಜೋಡಿಗಳ ಹುರಿ 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಿ ಉಳಿದಿರಬಾರದು. ಹುರಿಯಿಂದಲೇ ಜೋಡಿಗಳು ಒಂದಕ್ಕೊಂದು ಅಡ್ಡಿಯಾಗದೆ ಉಳಿಯುವುದು.

ಇಲ್ಲಿ ಆಗುವ ಅತಿ ದೊಡ್ಡ ತಪ್ಪು ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಇಡುವುದು: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಎರಡೂ ತುದಿಯಲ್ಲಿ ಹಾಗೆಯೇ ಇಟ್ಟರೆ ಟೆಸ್ಟರ್‌ನಲ್ಲಿ ಒಂದರಿಂದ ಎಂಟರವರೆಗೆ ದೀಪಗಳು ಸರಿಯಾಗಿಯೇ ಹತ್ತುತ್ತವೆ. ಶಿರಸಿಯ ಒಂದು ವಖಾರಿಯಲ್ಲಿ ತೂಕದ ಕೋಣೆಗೆ ಎಳೆದ 30 ಮೀಟರಿನ ವೈರ್ ಹೀಗಿತ್ತು. ಲಿಂಕ್ ಒಮ್ಮೆ 1000, ಒಮ್ಮೆ 100 ಎಂದು ಓಲಾಡುತ್ತಿತ್ತು, ಫೈಲ್ ನಕಲಿನ ವೇಗ ಸೆಕೆಂಡಿಗೆ 2 ಎಂಬಿ ದಾಟುತ್ತಿರಲಿಲ್ಲ. “ಟೆಸ್ಟರ್ ಸರಿ ಇದೆ ಅಂತ ತೋರಿಸ್ತದಲ್ಲ ಸರ್” ಎಂದು ಅಲ್ಲಿನ ಗುಮಾಸ್ತರು ಮತ್ತೆ ಮತ್ತೆ ಹೇಳಿದರು, ಅವರು ಹೇಳಿದ್ದು ನಿಜವೂ ಆಗಿತ್ತು. ಟೆಸ್ಟರ್ ತಂತಿ ತುಂಡಾಗಿದೆಯೇ, ಅದಲುಬದಲಾಗಿದೆಯೇ ಎಂದಷ್ಟೇ ಹೇಳಬಲ್ಲದು. 3 ಮತ್ತು 6ನೇ ಪಿನ್‌ಗಳು ಒಂದೇ ಹುರಿಯ ಜೋಡಿಯಿಂದ ಬಂದಿವೆಯೇ ಎಂಬುದು ಅದಕ್ಕೆ ತಿಳಿಯದು. ಆ ವೈರಿನಲ್ಲಿ 3ನೇ ಪಿನ್‌ಗೆ ಹಸಿರು ಜೋಡಿಯ ತಂತಿ, 6ನೇ ಪಿನ್‌ಗೆ ನೀಲಿ ಜೋಡಿಯ ತಂತಿ ಸೇರಿತ್ತು. ಎರಡೂ ತುದಿ ಹೊಸದಾಗಿ ಕಟ್ಟಿದ ಮೇಲೆ ಅದೇ ವೈರ್ 940 ಮೆಗಾಬಿಟ್ ಕೊಟ್ಟಿತು. ಟೆಸ್ಟರ್‌ನ ದೀಪಗಳನ್ನು ನೋಡಿದ ಮೇಲೂ ತುದಿಯ ಬಣ್ಣಗಳನ್ನು ಕಣ್ಣಾರೆ ಓದಿ.

ಹಂತ 6: ವೈರಿನ ಒಡಲು

ಒಂದು ಓಟ, ಅಂದರೆ ಒಂದು ಸಾಧನದಿಂದ ಇನ್ನೊಂದರವರೆಗಿನ ವೈರ್, 100 ಮೀಟರ್ ದಾಟಬಾರದು. ಇದರಲ್ಲಿ ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳೂ ಸೇರಿವೆ. ವೈರಿನ ದಪ್ಪದ ನಾಲ್ಕು ಪಟ್ಟಿಗಿಂತ ಚಿಕ್ಕ ಬಾಗು ಇರಬಾರದು, ಮೊಳೆ ಹೊಡೆದ ಕ್ಲಿಪ್ ವೈರನ್ನು ಚಪ್ಪಟೆ ಮಾಡಿರಬಾರದು. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಬಾರದು. ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಿ. ಹಂಚಿನ ಮಾಡಿನ ಅಟ್ಟದಲ್ಲಿ ಹಾದುಹೋಗುವ ವೈರನ್ನು ಇಲಿ ಕಡಿದಿದೆಯೇ ಎಂದು ಪೂರ್ತಿ ಉದ್ದಕ್ಕೂ ಕೈಯಾಡಿಸಿ ನೋಡಿ.

ವೈರಿನ ಲೋಹವನ್ನೂ ಪರೀಕ್ಷಿಸಿ. ತಂತಿಯೊಂದನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದಾಗ ಒಳಗೂ ಕೆಂಪಾಗಿದ್ದರೆ ಅದು ಪೂರ್ತಿ ತಾಮ್ರ; ಬೆಳ್ಳಿಯ ಬಣ್ಣ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕಡಿಮೆ ಬೆಲೆಗೆ ಸಿಗುವ ಈ ವೈರ್‌ನ ವಿದ್ಯುತ್ ತಡೆ ಹೆಚ್ಚು, ನಾಲ್ಕಾರು ಸಲ ಬಾಗಿಸಿದರೆ ತುಂಡಾಗುತ್ತದೆ, ಕ್ಯಾಟ್ ಮಾನದಂಡಕ್ಕೂ ಅದು ಹೊಂದುವುದಿಲ್ಲ. ತೇವದ ಗಾಳಿಯಲ್ಲಿ ತುದಿಯ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ವೈರ್ ಕೊಳ್ಳುವಾಗ ಪೂರ್ತಿ ತಾಮ್ರದ್ದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಮಳೆಗಾಲದಲ್ಲಿ ಮಾತ್ರ ನಿಧಾನವಾಗುವ ಲಿಂಕ್ ಇದ್ದರೆ ಹೊರಗೋಡೆಯ ಮೇಲೆ ಹಾದ ಭಾಗವನ್ನು ನೋಡಿ. ಒಳಾಂಗಣದ ವೈರಿನ ಹೊರ ಪದರ ಬಿಸಿಲಿಗೆ ಬಿರಿದು ನೀರು ಒಳಸೇರುತ್ತದೆ. ತುದಿ ಕತ್ತರಿಸಿದಾಗ ತಾಮ್ರ ಕಪ್ಪಾಗಿದ್ದರೆ ಅಥವಾ ಒಳಗೆ ಒದ್ದೆಯಿದ್ದರೆ ಒಂದು ಅಡಿ ಹಿಂದೆ ಇನ್ನೊಮ್ಮೆ ಕತ್ತರಿಸಿ ನೋಡಿ. ಅಲ್ಲೂ ಹಾಗೆಯೇ ಇದ್ದರೆ ಪ್ಲಗ್ ಕಟ್ಟುವುದು ವ್ಯರ್ಥ, ಇಡೀ ಓಟವನ್ನು ಬದಲಾಯಿಸಬೇಕು. ಹೊರಾಂಗಣಕ್ಕೆಂದೇ ತಯಾರಾದ ವೈರ್ ಹಾಕಿ, ಗೋಡೆಯೊಳಗೆ ನುಗ್ಗುವ ಮೊದಲು ಅದು ಕೆಳಗೆ ಜೋತು ಮತ್ತೆ ಮೇಲೇರುವಂತೆ ಬಿಡಿ. ಆಗ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಹಂತ 7: ವೇಗ ಮತ್ತು ಡುಪ್ಲೆಕ್ಸ್ ಹೊಂದಾಣಿಕೆ

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಅಡ್ವಾನ್ಸ್ಡ್ ಪುಟ ತೆರೆದು ಸ್ಪೀಡ್ ಮತ್ತು ಡುಪ್ಲೆಕ್ಸ್ ಸಾಲನ್ನು ನೋಡಿ. ಅದು ಆಟೊ ನೆಗೋಶಿಯೇಶನ್ (ಸಾಧನಗಳು ತಾವೇ ಮಾತಾಡಿ ಒಪ್ಪಿಕೊಳ್ಳುವುದು) ಎಂದೇ ಇರಬೇಕು. ವೇಗ ಹೆಚ್ಚಲೆಂದು ಒಂದು ಕಡೆ 100 ಫುಲ್ ಡುಪ್ಲೆಕ್ಸ್ ಎಂದು ಬಲವಂತವಾಗಿ ನಿಗದಿಪಡಿಸಿ ಇನ್ನೊಂದು ಕಡೆ ಆಟೊ ಬಿಟ್ಟರೆ, ಆಟೊ ಇರುವ ಕಡೆಗೆ ವೇಗ ತಿಳಿಯುತ್ತದೆ ಆದರೆ ಡುಪ್ಲೆಕ್ಸ್ ತಿಳಿಯುವುದಿಲ್ಲ, ಹಾಗಾಗಿ ಅದು ಹಾಫ್ ಡುಪ್ಲೆಕ್ಸ್‌ಗೆ ಇಳಿಯುತ್ತದೆ. ಒಂದು ಕಡೆ ಕೇಳುತ್ತಲೇ ಮಾತಾಡುತ್ತದೆ, ಇನ್ನೊಂದು ಕಡೆ ಸರದಿಗೆ ಕಾಯುತ್ತದೆ. ಇದರ ಗುರುತು ಹೀಗಿರುತ್ತದೆ: ಪಿಂಗ್ ಚೆನ್ನಾಗಿರುತ್ತದೆ, ಸಣ್ಣ ಕೆಲಸ ನಡೆಯುತ್ತದೆ, ದೊಡ್ಡ ಫೈಲ್ ಕಳುಹಿಸಿದ ಕೂಡಲೇ ಎಲ್ಲವೂ ಕುಸಿಯುತ್ತದೆ. ಎರಡೂ ಕಡೆ ಆಟೊ ಮಾಡಿದರೆ ಸರಿಹೋಗುತ್ತದೆ. ಸಾವಿರ ಮೆಗಾಬಿಟ್ ತಾಮ್ರದ ಲಿಂಕಿಗಂತೂ ಆಟೊ ಕಡ್ಡಾಯ.

ದೋಷದ ಲೆಕ್ಕವನ್ನೂ ಇಲ್ಲೇ ನೋಡಿ. ವಿಂಡೋಸ್‌ನ ನೆಟ್‌ಸ್ಟ್ಯಾಟ್, ಲಿನಕ್ಸ್‌ನ ಈಥ್‌ಟೂಲ್, ಮ್ಯಾನೇಜ್ಡ್ (ಕಂಪ್ಯೂಟರ್‌ನಿಂದ ತೆರೆದು ನೋಡಬಹುದಾದ) ಸ್ವಿಚ್‌ನ ಪೋರ್ಟ್ ಪುಟ ಇವೆಲ್ಲ ದೋಷಗಳ ಸಂಖ್ಯೆಯನ್ನು ತೋರಿಸುತ್ತವೆ. ಹಳೆಯ ಸಂಖ್ಯೆಗೆ ಅರ್ಥವಿಲ್ಲ. ಫೈಲ್ ನಕಲು ಮಾಡುವ ಮೊದಲು ಮತ್ತು ನಂತರ ಓದಿ. ಸಿಆರ್‌ಸಿ ದೋಷಗಳು (ಹಾಳಾಗಿ ತಲುಪಿದ ತುಣುಕುಗಳು) ಏರುತ್ತಿದ್ದರೆ ವೈರ್ ಅಥವಾ ಡುಪ್ಲೆಕ್ಸ್ ಕಾರಣ, ಲೇಟ್ ಕೊಲಿಶನ್ (ತಡವಾಗಿ ಆಗುವ ಡಿಕ್ಕಿ) ಏರುತ್ತಿದ್ದರೆ ಬಹುತೇಕ ಡುಪ್ಲೆಕ್ಸ್. ಇಷ್ಟಾದ ಮೇಲೂ ಸಿಸ್ಟಮ್ ಮೇಲೆ ಅನುಮಾನ ಉಳಿದರೆ ಅಡಾಪ್ಟರಿನ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಆಫ್ ಮಾಡಿ ನೋಡಿ, ನಂತರ ಡ್ರೈವರ್ ಹೊಸದು ಮಾಡಿ.

ಹಂತ 8: ಸ್ವಿಚ್

ಸ್ವಿಚ್‌ನ ಎಲ್ಲ ದೀಪಗಳೂ ಒಂದೇ ಲಯದಲ್ಲಿ ಬಿಡುವಿಲ್ಲದೆ ಮಿಟುಕುತ್ತಾ ಎಲ್ಲ ಸಿಸ್ಟಮ್‌ಗಳೂ ಒಟ್ಟಿಗೆ ನಿಧಾನವಾದರೆ ಲೂಪ್ ಆಗಿದೆ, ಅಂದರೆ ಒಂದು ವೈರ್ ಸುತ್ತಿ ಅದೇ ಸ್ವಿಚ್‌ಗೆ ಮರಳಿದೆ ಎಂದೇ ಭಾವಿಸಿ. ಮೇಜಿನ ಕೆಳಗೆ ಬಿದ್ದಿದ್ದ ವೈರಿನ ಖಾಲಿ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಗೋಡೆಯ ಸಾಕೆಟ್‌ಗೆ ಚುಚ್ಚಿರುತ್ತಾರೆ, ಅದರ ಇನ್ನೊಂದು ತುದಿ ಅದೇ ಸ್ವಿಚ್‌ನಲ್ಲಿರುತ್ತದೆ. ಒಂದೊಂದೇ ವೈರ್ ಕೀಳುತ್ತಾ ಹೋಗಿ. ದೀಪಗಳು ಶಾಂತವಾದ ಕ್ಷಣ ಕೈಯಲ್ಲಿರುವುದೇ ಆ ವೈರ್.

ಸಿಸ್ಟಮ್‌ನಿಂದ ಸರ್ವರ್‌ವರೆಗಿನ ದಾರಿಯಲ್ಲಿ ಎಷ್ಟು ಸ್ವಿಚ್‌ಗಳಿವೆ ಎಂದು ಚಿತ್ರ ಬರೆದುಕೊಳ್ಳಿ. ನಡುವೆ ಒಂದೇ ಒಂದು ಹಳೆಯ 100ರ ಸ್ವಿಚ್ ಇದ್ದರೂ ಅದರಾಚೆಯವರೆಲ್ಲ ಸೇರಿ 11 ಎಂಬಿಯನ್ನು ಹಂಚಿಕೊಳ್ಳಬೇಕು. ಅದೇ ಸ್ವಿಚ್‌ಗೆ ಸಿಸಿ ಕ್ಯಾಮೆರಾಗಳನ್ನು ಸೇರಿಸಿದ್ದರೆ, ತಲಾ 4 ಮೆಗಾಬಿಟ್‌ನ ಎಂಟು ಕ್ಯಾಮೆರಾಗಳು ಹಗಲು ರಾತ್ರಿ 32 ಮೆಗಾಬಿಟ್ ತಿನ್ನುತ್ತಿರುತ್ತವೆ.

ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ನಿಧಾನವಾಗಿ, ಆರಿಸಿ ಹಚ್ಚಿದರೆ ಸರಿಹೋಗುವ ಸ್ವಿಚ್‌ಗೆ ಬಿಸಿ ಅಥವಾ ಅದರ ಕರೆಂಟಿನ ಅಡಾಪ್ಟರ್ ಕಾರಣ. ಮುಚ್ಚಿದ ಪೆಟ್ಟಿಗೆಯಿಂದ ಹೊರತೆಗೆಯಿರಿ, ಅಡಾಪ್ಟರಿನ ವೋಲ್ಟೇಜ್ ಅದರ ಮೇಲೆ ಬರೆದಷ್ಟಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ, ಬದಲಾಯಿಸುವಾಗ ಅದೇ ವೋಲ್ಟೇಜಿನದನ್ನೇ ಹಾಕಿ.

ಸಿಡಿಲಿನ ನಂತರ ಶುರುವಾದ ನಿಧಾನ ಬೇರೆ ಬಗೆಯದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಮರುದಿನ ಒಂದು ಪೋರ್ಟ್ ಯಾವ ವೈರ್ ಹಾಕಿದರೂ 10 ಅಥವಾ 100ಕ್ಕೇ ನಿಂತರೆ ಆ ಪೋರ್ಟ್ ಪೆಟ್ಟು ತಿಂದಿದೆ. ಅದರ ಮೇಲೆ ಟೇಪ್ ಅಂಟಿಸಿ ಬಳಕೆ ನಿಲ್ಲಿಸಿ, ಪಕ್ಕದ ಪೋರ್ಟ್‌ಗಳನ್ನೂ ಒಂದೊಂದಾಗಿ ಅಳೆಯಿರಿ. ಎರಡು ಕಟ್ಟಡಗಳ ನಡುವೆ ತಾಮ್ರದ ವೈರ್ ಎಳೆದಿದ್ದರೆ ಅದನ್ನು ತೆಗೆದು ಫೈಬರ್ ಹಾಕಿಸಿ. ಗುಡುಗು ಕೇಳುತ್ತಿರುವಾಗ ವೈರ್, ಪ್ಲಗ್ ಯಾವುದನ್ನೂ ಮುಟ್ಟಬೇಡಿ. ಬಿಚ್ಚುವುದಿದ್ದರೆ ಮೋಡ ಕವಿಯುವ ಮೊದಲೇ ಕರೆಂಟಿನ ಪ್ಲಗ್ ಜೊತೆ ಲ್ಯಾನ್ ವೈರನ್ನೂ ಬಿಚ್ಚಿ.

ಹಂತ 9: ದುರಸ್ತಿಯ ನಂತರ

2 ಜಿಬಿ ಫೈಲನ್ನು ಎರಡೂ ದಿಕ್ಕಿನಲ್ಲಿ ನಕಲು ಮಾಡಿ, 500 ಪಿಂಗ್ ಕಳುಹಿಸಿ, ದೋಷದ ಲೆಕ್ಕ ಏರಿಲ್ಲವೆಂದು ನೋಡಿ. ನಕಲು ನಡೆಯುತ್ತಿರುವಾಗ ಎರಡೂ ತುದಿಯ ಪ್ಲಗ್‌ಗಳನ್ನು ಮೆಲ್ಲಗೆ ಅಲುಗಾಡಿಸಿ. ವೇಗ ಬಿದ್ದರೆ ಆ ತುದಿಯನ್ನು ಮತ್ತೆ ಕಟ್ಟಬೇಕು. ವೈರಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಆ ಸಂಖ್ಯೆಯ ಎದುರು ಲಿಂಕ್ ವೇಗ, ಐಪರ್ಫ್ ಅಂಕಿ ಮತ್ತು ತಾರೀಖನ್ನು ಬರೆದ ಕಾಗದವನ್ನು ಸ್ವಿಚ್ ಪಕ್ಕದಲ್ಲೇ ಇಡಿ. ಜೂನ್‌ನಲ್ಲಿ ಮಳೆ ಹಿಡಿದು ವಾರ ಕಳೆದ ಮೇಲೆ ಅದೇ ವೈರನ್ನು ಇನ್ನೊಮ್ಮೆ ಅಳೆದು, ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ.